ವೈನಿಯ ಕ್ಯಾಸೆಟ್ಟುಗಳು

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಗಲಕೋಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನ್ನ ಅಣ್ಣ ಮುಂಬಯಿಯ ಗೆಳೆಯನಿಂದ ಒಂದು ಹಳೆಯ ಕಂಪ್ಯೂಟರ್ ತಂದ. ಕೀಲಿಗಳಿದ್ದ ಒಂದು ಚಪ್ಪಟೆ ಡಬ್ಬಿ, ಅಷ್ಟೇ. ಅದಕ್ಕೆ ಮನೆಯ ಟಿವಿಯೇ ಪರದೆ. ಮಾಡಿದ ಕೆಲಸವನ್ನು ಹಾಡು ಕೇಳುವ ಟೇಪ್ ರೆಕಾರ್ಡರಿನಲ್ಲಿ, ಕ್ಯಾಸೆಟ್ಟಿಗೆ ತುಂಬಿಸಿಡಬೇಕು. ಇಲ್ಲವಾದರೆ ಕರೆಂಟ್ ಹೋದೊಡನೆ ಎಲ್ಲ ಅಳಿಸಿಹೋಗುತ್ತಿತ್ತು. ಕರೆಂಟ್ ಹೋಗದ ದಿನವಾದರೂ ಯಾವುದಿತ್ತು!

ಅಣ್ಣನ ಉಮೇದು ಬೇಗ ಇಳಿಯಿತು. ಅದರ ಮುಂದೆ ಕೂತವರು ಅವನ ಹೆಂಡತಿ, ನನ್ನ ವೈನಿ. ಇಳಕಲ್ಲಿನ ನೇಕಾರರ ಮನೆಯ ಮಗಳು. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರವನ್ನು ಚೌಕುಳಿ ಹಾಳೆಯಲ್ಲಿ ತುಂಬುವುದನ್ನು ನೋಡುತ್ತಲೇ ಬೆಳೆದವರಿಗೆ ಟಿವಿಯ ಮೇಲಿನ ಚೌಕಗಳು ಹೊಸವೆನಿಸಲಿಲ್ಲ. ಬಾದಾಮಿಯ ಗುಹೆಯಲ್ಲಿ ಕಂಡಿದ್ದ ಕಮಲವನ್ನು ಮನಸ್ಸಿನಲ್ಲಿಟ್ಟುಕೊಂಡು, ತಮ್ಮದೇ ಒಂದು ಹೊಸ ದಡಿ ಕಟ್ಟತೊಡಗಿದರು.

ಮೊದಲ ಸಲ ಕರೆಂಟ್ ಹೋದಾಗ ಇಡೀ ಮಧ್ಯಾಹ್ನದ ಕೆಲಸ ಮಾಯವಾಯಿತು. ಮರುದಿನದಿಂದ ವೈನಿ ಒಂದು ಕಟ್ಟಳೆ ಮಾಡಿಕೊಂಡರು. ಒಂದು ಎಸಳು ಮುಗಿದರೆ ಒಂದು ಕ್ಯಾಸೆಟ್ಟು, ಅದರ ಮುಂದಿನದಕ್ಕೆ ಇನ್ನೊಂದು. ಯಾರೂ ಅದರ ಮೇಲೆ ಮತ್ತೇನನ್ನೂ ತುಂಬಬಾರದೆಂದು ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಸೂಜಿಯಿಂದ ಮುರಿದು ಹಾಕುತ್ತಿದ್ದರು.

"ಇಷ್ಟ್ಯಾಕ ಬೇಕು? ಒಂದರಾಗ ಹಾಕ್ಕೋತ ಹೋಗು," ಎಂದ ಅಣ್ಣ.

"ಇವತ್ತಿನ ಕೆಲಸ ಕೆಟ್ಟರ ನಿನ್ನಿದಕ್ಕ ವಾಪಸ್ ಹೋಗಾಕ ಬರಬೇಕಲ್ರಿ. ನಿನ್ನಿದ ಅಳಿಸಿಬಿಟ್ಟರ ಎಲ್ಲಿಗಿ ಹೋಗ್ಲಿ?"

ಮುಂದೆ ಕರೆಂಟ್ ಹೋದಾಗಲೆಲ್ಲ ವೈನಿ ಅಂದಂತೆಯೇ ಆಯಿತು. ಹಿಂದಿನ ಕ್ಯಾಸೆಟ್ಟು ಹಾಕಿದರೆ, ಟೇಪ್ ಕಿರಗುಟ್ಟಿ ಕಿರಗುಟ್ಟಿ, ಬಿಟ್ಟಲ್ಲಿಂದಲೇ ಕಮಲ ಮೂಡುತ್ತಿತ್ತು. ಅವರಪ್ಪ ಇಳಕಲ್ಲಿನಿಂದ ಬಂದವರು ಟಿವಿಯ ಹತ್ತಿರ ಬಗ್ಗಿ ಎಸಳಿನ ಚೌಕಗಳನ್ನು ಎಣಿಸಿದರು. "ಮುಗಸವ್ವಾ, ನಾ ನೇದು ಕೊಡ್ತೇನಿ," ಎಂದವರು, ಊರಿಗೆ ಹೋಗಿ ಆ ದಡಿಗೆಂದೇ ಕೆಂಪು ರೇಷ್ಮೆ ತೆಗೆದಿಟ್ಟರು.

ಇನ್ನೇನು, ಕಮಲದ ಸುತ್ತಲಿನ ಕೊನೆಯ ಬಳ್ಳಿಯೊಂದೇ ಉಳಿದಿತ್ತು. ವೈನಿ ಜ್ವರ ಬಂದು ಮಲಗಿದರು. ಅವರಿಗೆ ಬೇಸರ ಕಳೆಯಲೆಂದು ಅಣ್ಣ ಹಾಡು ಹಚ್ಚಿದ. ಹಾಡು ಕಂಬಳಿಯೊಳಗಿಂದ ಬಂದಂತೆ ಮಂಕಾಗಿತ್ತು. ಟೇಪ್ ರೆಕಾರ್ಡರನ್ನು ಪೇಟೆಗೆ ಒಯ್ದು ದುರಸ್ತಿ ಮಾಡಿಸಿ ತಂದ. ಹಾಡು ಎಷ್ಟು ಸ್ವಚ್ಛ ಕೇಳಿತೆಂದರೆ ವೈನಿ ಮಲಗಿದಲ್ಲೇ ನಕ್ಕರು.

ಜ್ವರ ಬಿಟ್ಟ ಮೇಲೆ ಕ್ಯಾಸೆಟ್ಟು ಹಾಕಿದರು. ಕಮಲ ಬರಲಿಲ್ಲ. ಅದರ ಹಿಂದಿನದು ಹಾಕಿದರು. ಅದೂ ಇಲ್ಲ. ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿದರು.

ಅಣ್ಣ ದುರಸ್ತಿಯವರಲ್ಲಿಗೆ ಓಡಿದ. "ಹೆಡ್ ವಾರೆ ಆಗಿತ್ರಿ ಸರ, ನೆಟ್ಟಗ ಮಾಡೇನಿ," ಎಂದರಂತೆ ಅವರು. ಟೇಪಿಗೆ ತುಂಬುವುದೂ ಟೇಪಿನಿಂದ ಓದುವುದೂ ಆ ಹೆಡ್ಡೇ; ವೈನಿ ತುಂಬಿದ್ದೆಲ್ಲ ಅದು ವಾರೆಯಾಗಿದ್ದಾಗ. ಈಗ ನೆಟ್ಟಗಾದದ್ದಕ್ಕೆ ಅದನ್ನು ಓದಲು ಬರುತ್ತಿರಲಿಲ್ಲ. ಅಣ್ಣ ಸ್ಕ್ರೂ ಅತ್ತ ಇತ್ತ ತಿರುಗಿಸುತ್ತ ದಿನಗಟ್ಟಲೆ ಕೂತ. ಹಳೆಯ ವಾರೆ ಕೈಗೆ ಸಿಗಲೇ ಇಲ್ಲ. ತೀರ ಮೊದಲಿನ ಒಂದು ಕ್ಯಾಸೆಟ್ಟಿನಿಂದ ಎರಡೆಸಳು ಮೂಡಿ ನಿಂತವು. ಕೊನೆಗೆ ವೈನಿಯೇ, "ಸಾಕ್ ಬಿಡ್ರಿ, ಊಟಕ್ಕ ಏಳ್ರಿ," ಎಂದರು.

ತಮ್ಮ ಅಪ್ಪನಿಗೆ ಹೇಳಲು ಇಳಕಲ್ಲಿಗೆ ಹೋಗುವಾಗ ವೈನಿ ನನ್ನನ್ನೂ ಕರೆದೊಯ್ದರು. ಹುನಗುಂದದಲ್ಲಿ ಬಸ್ಸು ನಿಂತಾಗ ಚಹಾ ತಂದುಕೊಟ್ಟೆ. ಅದು ಅವರ ಕೈಯಲ್ಲೇ ಆರಿತು.

"ಮತ್ತ ತಗದ್ರಾತು. ಬಾದಾಮ್ಯಾಗಿನ ಕಮಲ ಎಲ್ಲಿಗಿ ಹೋಗತೈತಿ?" ಎಂದರು ಅವರಪ್ಪ.

"ಅದು ಅಲ್ಲೇ ಐತಿ ಅಪ್ಪಾ. ನಾ ಮಾಡಿದ್ದು ಬ್ಯಾರೆ ಇತ್ತು."

ಮತ್ತೆ ತೆಗೆಯಬಹುದು ಎಂದು ನಾವೆಲ್ಲರೂ ಅಂದೆವು. ವೈನಿ ಹೂಂ ಅನ್ನುತ್ತಿದ್ದರು, ಡಬ್ಬಿಯ ಮುಂದೆ ಕೂರುತ್ತಿರಲಿಲ್ಲ. ಅವರ ಎದುರಿಗೆ ಹಾಡು ಹಚ್ಚುವುದನ್ನು ಅಣ್ಣ ಬಿಟ್ಟುಬಿಟ್ಟ. ಮರುವರ್ಷ ಮಗಳು ಹುಟ್ಟಿದಳು. ಡಬ್ಬಿ ಅಟ್ಟ ಸೇರಿತು. ವೈನಿಯ ಅಪ್ಪ ಆ ಕೆಂಪು ರೇಷ್ಮೆಯನ್ನು ಬಹಳ ದಿನ ಕಾಯ್ದಿಟ್ಟಿದ್ದರು. ಒಂದು ದಿನ, ವೈನಿಯನ್ನು ಕೇಳದೆಯೇ, ಅದನ್ನು ಮಗ್ಗಕ್ಕೆ ಹಾಕಿ ಎಲ್ಲರೂ ನೇಯುವಂಥ ಗೋಮಿ ದಡಿಯ ಸೀರೆ ನೇದರು. ಯಾರು ಕೊಂಡರೋ, ನಮಗೆ ಗೊತ್ತಾಗಲಿಲ್ಲ.