ಬೆಸುಗೆ ಕಾಣದ ತಟ್ಟೆ

ಕುಷ್ಟಗಿ ಪೇಟೆಯ ಹೊನ್ನೂರಪ್ಪನ ತಗಡಿನ ಅಂಗಡಿಯಲ್ಲಿ ಕಂದೀಲು ಕೊಳ್ಳುವವರು ಮೊದಲು ಅದರ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ಬೆಸುಗೆ ಬೆರಳಿಗೆ ತಾಗಿದರೆ ಕೆಲಸ ಕಚ್ಚಾ. ಹೊನ್ನೂರಪ್ಪನದು ಎಂದೂ ತಾಗುತ್ತಿರಲಿಲ್ಲ, ಅದೇ ಅವನ ತಲೆಗೇರಿತ್ತು. ರಿವಿಟ್ ಮೊಳೆ ಹೊಡೆದು ಕೂಡಿಸಿದ ಸಾಮಾನು ಕಂಡರೆ "ಮಾರಿ ಮ್ಯಾಲ ಗುಳ್ಳಿ ಎದ್ದಂಗ ಐತಿ" ಎಂದು ಮೂಗು ಮುರಿಯುತ್ತಿದ್ದ.

ಎರಡನೆಯ ಮಹಾಯುದ್ಧದ ಕಾಲ. ಹೊಸ ಸಾಮಾನು ಸಿಗುತ್ತಿರಲಿಲ್ಲ. ಫೋಟೋ ತೆಗೆಯುವ ಕೊಟ್ರಪ್ಪ ಎಲ್ಲಿಂದಲೋ ಹಳೆಯ ಹಿತ್ತಾಳೆಯ ಫ್ಲ್ಯಾಷ್ ತಟ್ಟೆಯೊಂದನ್ನು ತಂದ. ಅದರಲ್ಲಿ ಮದ್ದಿನಪುಡಿ ಸುರಿದು ಹೊತ್ತಿಸಿದರೆ ಕತ್ತಲ ಮನೆಯಲ್ಲೂ ಝಗ್ಗನೆ ಬೆಳಕು. ಆದರೆ ತಟ್ಟೆಯ ಹಿಡಿ ಅವನ ಕ್ಯಾಮೆರಾದ ಪಕ್ಕದ ಕಬ್ಬಿಣದ ಪಟ್ಟಿಗೆ ಕೂಡುತ್ತಿರಲಿಲ್ಲ. ಅದನ್ನು ತಂದು ಹೊನ್ನೂರಪ್ಪನ ಮುಂದಿಟ್ಟ.

"ಹಿಡಿ ಕೊಯ್ದು ಬ್ಯಾರೆ ಕೂಡಿಸ್ರಿ. ರಿವಿಟ್ ಹೊಡೀರಿ, ಗಟ್ಟಿ ಇರ್ಲಿ."

"ಹೊಡೆದ್ರ ಹಿತ್ತಾಳಿ ಅಂದ ಕೆಡ್ತೈತ್ರಿ. ನನ್ನ ಬೆಸುಗಿ ಬಿಟ್ಟದ್ದು ಎಲ್ಲೆರ ಕೇಳೀರೇನು?"

ಕಂದೀಲಿನ ಉರಿಗೆ ಅವನ ಬೆಸುಗೆ ಕರಗಿರಲಿಲ್ಲ, ನಿಜ. ಮದ್ದಿನ ಉರಿ ಎಂಥದೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಅಭ್ಯಾಸವೂ ಪುಣ್ಯಾತ್ಮನಿಗೆ ಇರಲಿಲ್ಲ. ಬರಿಯ ಬೆಸುಗೆಯಲ್ಲೇ ಹಿಡಿ ಕೂಡಿಸಿ ಕೊಟ್ಟ.

ಅದೇ ವಾರ ನಮ್ಮ ಓಣಿಯ ಕಳಕಮ್ಮನ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ಪದ್ಧತಿಯಂತೆ ಕೂಸನ್ನು ಗೋಡೆಗೆ ಕೂಡಿಸಿ ಹೂವು ಮುಡಿಸಿದ್ದರು. ಮಣ್ಣಿಗೆ ಒಯ್ಯುವ ಮೊದಲು ಒಂದು ಫೋಟೋ ಬೇಕೆಂದು ಕಳಕಮ್ಮ ಹಟ ಹಿಡಿದಳು. ಆ ಮುಖ ಉಳಿಯಲು ಬೇರೆ ದಾರಿ ಇರಲಿಲ್ಲ. ಕೊಟ್ರಪ್ಪ ಬಂದ. ತನ್ನ ಕೆಲಸ ನೋಡಲು ಹೊನ್ನೂರಪ್ಪನೂ ಬಂದ.

ಪಡಸಾಲೆ ಕತ್ತಲೆಂದು ಕೊಟ್ರಪ್ಪ ಮೊದಲೊಮ್ಮೆ ಸುಮ್ಮನೆ ಹೊತ್ತಿಸಿ ಬೆಳಕು ನೋಡಿದ. ಎರಡನೆಯ ಸಲ ಹೊತ್ತಿಸುತ್ತಲೇ ತಟ್ಟೆ ವಾಲಿ, ಉರಿಯುತ್ತಲೇ ಕಳಚಿ ಬಿತ್ತು. ಬೆಂಕಿ ಮಗಳ ಮೇಲೆ ಬೀಳುತ್ತದೆಂದು ಕಳಕಮ್ಮ ಹಾರಿ ಅಡ್ಡ ಬಂದಳು, ಅವಳ ಮೈ ತಾಗಿ ಕ್ಯಾಮೆರಾ ಉರುಳಿತು. ಅದರ ಮುಂದಿನ ಮಡಿಕೆಮಡಿಕೆಯ ಚರ್ಮದ ತಿದಿ ಸುಟ್ಟು, ಫೋಟೋ ಮೂಡಬೇಕಿದ್ದ ಗಾಜು ಒಡೆದುಹೋಯಿತು. ಹತ್ತೂರಲ್ಲಿ ಬೇರೆ ಕ್ಯಾಮೆರಾ ಇರಲಿಲ್ಲ.

"ಕೂಸಿನ ಮಾರಿ ನೀನ ಅಳಿಸಿದಿ!" ಎಂದು ಕಳಕಮ್ಮನ ಅತ್ತೆ ಸೊಸೆಯ ಮೇಲೆ ಚೀರಿದಳು. ತಟ್ಟೆ ಬಿದ್ದದ್ದೂ ಅವಳು ತಾಗಿಯೇ ಎಂದು ಕೊಟ್ರಪ್ಪನೂ ತಿಳಿದ. ಹೊನ್ನೂರಪ್ಪ ಬಗ್ಗಿ ತಟ್ಟೆ ಎತ್ತಿಕೊಂಡ. ಬೆಸುಗೆ ಕರಗಿ ಹರಿದಿತ್ತು. ಅದನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ, "ರಿಪೇರಿ ಮಾಡಿ ಕೊಡ್ತೀನ್ರಿ" ಎಂದಷ್ಟೇ ಹೇಳಿ ಮನೆಗೆ ನಡೆದ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿಯೇ.

ಆಮೇಲೆ ಅವನು ನಮ್ಮ ಓಣಿಗೆ ಕಾಲಿಡಲಿಲ್ಲ. ಗಿರಾಕಿ ಕಂದೀಲಿನ ಮೇಲೆ ಬೆರಳು ಆಡಿಸಿದರೆ ಮುಖ ತಿರುಗಿಸುತ್ತಿದ್ದ. ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದ, ದಿನಾ ಅಂಗಡಿ ಹೆಸರು ನೆನಪಾಗಿ ಬಾಯಿ ಕಟ್ಟುತ್ತಿತ್ತು.

ಮರುವರ್ಷ ಕಳಕಮ್ಮ ಚಿಮಣಿ ದೀಪದ ದುರಸ್ತಿಗೆಂದು ತಾನೇ ಅಂಗಡಿಗೆ ಬಂದಳು. ಸೊರಗಿ ಕಡ್ಡಿಯಾಗಿದ್ದಳು.

"ಅಣ್ಣಾರ, ನಾ ಸುಮ್ನ ಕುಂತಿದ್ರ ಆಕಿ ಮಾರಿ ಉಳೀತಿತ್ತಲ್ರಿ?"

ಹೊನ್ನೂರಪ್ಪ ಚಿಮಣಿ ಕೆಳಗಿಟ್ಟ. "ಇಲ್ಲ ತಂಗೆವ್ವ. ತಟ್ಟಿ ಮೊದ್ಲ ಬಿತ್ತು, ಆಮ್ಯಾಲ ನೀ ಎದ್ದಿ. ನನ್ನ ಬೆಸುಗಿ ಕರಗಿತ್ತು. ತಪ್ಪು ನಂದು."

ಅವಳು ಚಿಮಣಿಯನ್ನು ತನ್ನತ್ತ ಎಳೆದುಕೊಂಡಳು.

"ಅವತ್ತ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು. ಈಗ ಬಂದು ನಿಮ್ಮ ಅತ್ತಿ ಮುಂದ ಹೇಳ್ತೀನಿ, ನಡಿ."

"ಅತ್ತಿ ಹ್ವಾದ ತಿಂಗಳ ತೀರ್ಕೊಂಡ್ರು," ಎಂದಳು ಕಳಕಮ್ಮ. "ಸಾಯೂತನಕ ನನ್ನ ಕೈಲೆ ನೀರು ಕುಡೀಲಿಲ್ರಿ."