ಅತ್ತಿಗೆ ಕಟ್ಟಿಕೊಟ್ಟ ರಾಗಿ ಗಂಟು

ಕೃಷ್ಣರಾಜಪುರದ ನಮ್ಮ ಮನೆ ಜಗಲಿಯ ಮೇಲೆ ಆ ಬೆಳಿಗ್ಗೆ ಇದ್ದದ್ದು ಮೂವರೇ. ಅವ್ವ ಮೊರದಲ್ಲಿ ಹುರುಳಿಯ ಕಲ್ಲು ಆರಿಸುತ್ತಿದ್ದಳು. ನಾನು ಹಲಸೂರಿಗೆ ಹೊರಡಲು ತಲೆಗೆ ಟವಲು ಸುತ್ತುತ್ತಿದ್ದೆ. ತೀರಿಹೋದ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ದಾರದ ತುದಿಯನ್ನು ಮೊಣಕೈ ಕೆಳಗಿಟ್ಟು ಕಂಬಕ್ಕೆ ಒತ್ತಿ ಹಿಡಿದು, ಮಣಿಕಟ್ಟಿನವರೆಗೆ ಎಳೆದು, ಅಲ್ಲಿಗೆ ಹಲ್ಲಿನಿಂದಲೇ ಗಂಟು ಹಾಕುತ್ತಿದ್ದಳು. ಅವ್ವ ಮೊರ ಬಿಟ್ಟು ಏಳಲಿಲ್ಲ. ನಾನೂ ದಾರ ಹಿಡಿಯಲು ಹೋಗಲಿಲ್ಲ.

ಅದು ಯುದ್ಧದ ಕಾಲ. ದೊಡ್ಡನೆಕ್ಕುಂದಿ ಕಡೆ ಮಿಲಿಟರಿಯವರಿಗಾಗಿ ಲಂಟಾನದ ಪೊದೆ ಕಡಿಸುತ್ತಿದ್ದರು. ಮೇಸ್ತ್ರಿ ಹೆಂಗಸರನ್ನೂ ಸೇರಿಸಿಕೊಳ್ಳುತ್ತಿದ್ದ, ಆದರೆ ಮಚ್ಚು ಅವರವರದೇ ಇರಬೇಕು. ಅವ್ವ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಳು: ಅತ್ತಿಗೆ ಕೂಲಿಗೆ ಹೋದರೆ ಈ ಮನೆಯಲ್ಲಿರಬಹುದು, ಇಲ್ಲದಿದ್ದರೆ ಮಾಲೂರಿನ ಕಡೆಯಿರುವ ಅವಳಣ್ಣನಿಗೆ ಹೇಳಿಕಳಿಸುವುದು. ಆ ಮನೆಯಲ್ಲಿ ಅವಳಿಗೆ ಎಲ್ಲರೂ ಉಂಡ ಮೇಲೆ ಉಳಿದ ಪಾತ್ರೆಯ ತಳ. ಹೇಗಾದರೂ ಮಾಡಿ ಇಲ್ಲೇ ಉಳಿಯಬೇಕೆಂಬುದು ಅವಳ ಆಸೆ.

ಮಚ್ಚಿನ ವಿಷಯವನ್ನು ನಾನು ತಾತನ ಬಾಯಿಂದ ಕೇಳಿ ಬಲ್ಲವನೇ. ಹುಲ್ಲು, ಜೊಂಡು ಸವರುವವನಿಗೆ ಉದ್ದನೆಯ ತೆಳು ಅಲಗು ಸಾಕು, ಬೀಸುತ್ತ ಹೋಗಬಹುದು. ಲಂಟಾನ ಹಾಗಲ್ಲ. ಎಡಗೈಯಲ್ಲಿ ಕೊಂಬೆ ಬಗ್ಗಿಸಿ ಹಿಡಿದು, ಬುಡದ ಹತ್ತಿರ ಬಗ್ಗಿ ಕಡಿಯಬೇಕು. ಅಲಗು ಗಿಡ್ಡವಿರಬೇಕು, ತೂಕ ಮೂತಿಯ ಕಡೆ ಇರಬೇಕು, ಆ ತೂಕವಾದರೂ ಹಿಡಿಯುವ ಕೈಗೆ ಸಂಜೆಯವರೆಗೂ ಒಗ್ಗುವಂಥದ್ದಾಗಿರಬೇಕು. ಭಾರ ಹೆಚ್ಚಾದರೆ ಮಧ್ಯಾಹ್ನದ ಮೇಲೆ ಮಚ್ಚು ಕೈಯ ಮಾತು ಕೇಳುವುದಿಲ್ಲ ಎನ್ನುತ್ತಿದ್ದ ತಾತ.

ಹಲಸೂರಿನ ಆಚಾರಿ ಕೈ ನೋಡದೆ ಮಚ್ಚು ಬಡಿಯುತ್ತಿರಲಿಲ್ಲ. ಹೆಂಗಸರು ಅವನ ಕುಲುಮೆ ಮೆಟ್ಟುವಂತಿರಲಿಲ್ಲ. ಅದಕ್ಕೇ ಅವರ ಮನೆಯ ಗಂಡಸರು ಅಲಗಿನ ಉದ್ದಕ್ಕೆ ಮುಂಗೈ ಅಳೆದ ಒಂದು ದಾರ, ತೂಕಕ್ಕೆ ಒಂದು ರಾಗಿ ಗಂಟು ಒಯ್ಯುತ್ತಿದ್ದರು. ಕೈ ನೀಟಾಗಿ ಚಾಚಿ, ನಡುಗದಂತೆ ಎಷ್ಟು ಹೊತ್ತು ಬೇಕಾದರೂ ಹಿಡಿಯಬಲ್ಲಷ್ಟು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಕೊಡುವುದು. ಆಚಾರಿ ಅದನ್ನು ಕಬ್ಬಿಣದೊಂದಿಗೆ ತೂಗಿ ನೋಡಿ, ರಾಗಿಯನ್ನು ತಾನೇ ಇಟ್ಟುಕೊಳ್ಳುತ್ತಿದ್ದ. ಅತ್ತಿಗೆ ಹಾಕುತ್ತ, ತೆಗೆಯುತ್ತ, ಮತ್ತೆ ಕೈ ಚಾಚಿ ನೋಡುತ್ತ, ಅರ್ಧ ಸೇರಿಗೂ ಕಡಿಮೆ ಕಟ್ಟಿ ನನ್ನ ಕೈಗಿಟ್ಟಳು. ಮನೆಯಲ್ಲಿ ಅಂಬಲಿಯೇ ನೀರಾಗಿದ್ದ ದಿನಗಳವು.

ಕುಲುಮೆಯಲ್ಲಿ ಬ್ಲಾಕ್‌ಪಲ್ಲಿಯ, ಅಂದರೆ ಈಗಿನ ಶಿವಾಜಿನಗರದ, ಇಬ್ಬರು ಲಾರಿ ಡ್ರೈವರುಗಳು ಬೀಡಿ ಸೇದುತ್ತ ಕೂತಿದ್ದರು. ನನ್ನ ಕಂಕುಳಿನ ಗಂಟು ನೋಡಿ ಒಬ್ಬ ಕೇಳಿದ: "ಕ್ಯಾ ಭಾಯ್, ಬೀಬಿ ಕಟ್ಟಿದ ಊಟಾನಾ?"

ಇನ್ನೊಬ್ಬ ನಕ್ಕ. ನನಗಾಗ ಇಪ್ಪತ್ತೆರಡು. ತಲೆಯ ಟವಲು ಬಿಚ್ಚಿ ಗಂಟನ್ನು ಅದರೊಳಗೆ ಸೇರಿಸಿದೆ. ಆಚಾರಿ ತಲೆಯೆತ್ತಿ, "ಯಾರ್ ಕೈಗೆ ತಂಬಿ?" ಎಂದ.

"ನನ್ ಕೈಗೇ," ಎಂದೆ.

ಕಬ್ಬಿಣದ ಸರಳೊಂದನ್ನು ಹಿಡಿಸಿ, ಕೈ ಚಾಚಲು ಹೇಳಿ, ನಿಧಾನವಾಗಿ ಎಣಿಸಿದ. ನನ್ನ ಕೈ ಇಳಿಯಲಿಲ್ಲ. ಡ್ರೈವರುಗಳು ನೋಡುತ್ತಿದ್ದಾರೆಂದು ಇನ್ನೂ ದಪ್ಪದ ಸರಳು ಕೇಳಿ ಪಡೆದು ಅದನ್ನೂ ಹಿಡಿದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಕೊಟ್ಟ ಮಚ್ಚು ಅತ್ತಿಗೆ ಅಳೆದ ದಾರಕ್ಕಿಂತ ನಾಲ್ಕು ಬೆರಳು ಉದ್ದವಿತ್ತು. ಎಂಥ ಠೀವಿ ಅದಕ್ಕೆ! ಹಿಂದಿರುಗುವಾಗ ಹಲಸೂರು ಕೆರೆಯ ದಡದಲ್ಲಿ ಕೂತು ರಾಗಿಯನ್ನು ಹಿಡಿ ಹಿಡಿಯಾಗಿ ನೀರಿಗೆ ಚೆಲ್ಲಿದೆ. ದಾರವನ್ನೂ ಬಟ್ಟೆಯನ್ನೂ ಅಲ್ಲೇ ಬಿಟ್ಟೆ. ಮನೆಗೆ ಒಯ್ದರೆ ಗುಟ್ಟು ಬಯಲಾಗುತ್ತಿತ್ತಲ್ಲ.

ಅತ್ತಿಗೆ ಮಚ್ಚು ಎತ್ತಿದಳು. ಮೂತಿ ನೆಲದ ಕಡೆ ಜಗ್ಗಿತು.

"ಭಾರ ಜಾಸ್ತಿ ಅಲ್ವೇನಪ್ಪ? ಆಚಾರಿ ರಾಗಿ ತೂಗಿದ್ನಾ?"

"ತೂಗಿದ ಅತ್ತಿಗೆ. ಹೊಸ ಕಬ್ಬಿಣ ಹಂಗೇ. ಎರಡು ದಿನಕ್ಕೆ ಒಗ್ಗುತ್ತೆ."

ಆಚಾರಿಯ ಲೆಕ್ಕ ತಪ್ಪಿದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಹಾಗಾಗಿ ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ಒಂದು ವರ್ಷ ಅರೆಹೊಟ್ಟೆ ಉಂಡಿದ್ದೇನೆ, ತೋಳಿನಲ್ಲಿ ಕಸುವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ವಾರದಲ್ಲಿ ಮಣಿಕಟ್ಟು ಊದಿತು. ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಹೋದಳು. ನಾನು ದಿನಾ ಆ ಬಟ್ಟೆ ನೋಡುತ್ತಿದ್ದೆ. ಮಚ್ಚನ್ನು ವಾಪಸು ಒಯ್ದು ಅಲಗು ಗಿಡ್ಡ ಮಾಡಿಸಿ ತರಲು ಅರ್ಧ ದಿನ ಸಾಕಿತ್ತು. ಆದರೆ ಹೋದರೆ ಆಚಾರಿಯ ಮುಂದೆ ನಿಜ ಹೇಳಬೇಕಿತ್ತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಮಧ್ಯಾಹ್ನದ ಮೇಲೆ, ಬೀಸಿದ ಮಚ್ಚು ಕೊಂಬೆಯ ಮೇಲೆ ಜಾರಿ ಅವಳ ಎಡಗೈಗೆ ಬಿತ್ತು. ದಂಡಿನ ಆಸ್ಪತ್ರೆಯಿಂದ ಬರುವಾಗ ಎರಡು ಬೆರಳು ಇರಲಿಲ್ಲ. ಮೇಸ್ತ್ರಿ ಬೇರೆಯವಳನ್ನು ಸೇರಿಸಿಕೊಂಡ. ಹೆಂಗಸರಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಅವ್ವ ಬಂದವರೆದುರಿಗೆಲ್ಲ ಅಂದಳು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಜೊತೆಯಲ್ಲಿ ಕಡಿಯುತ್ತಿದ್ದ ಹೆಂಗಸೊಬ್ಬಳ ಗಂಡ ಕುಲುಮೆಗೆ ಹೋದಾಗ ಈ ಸಂಗತಿ ಎತ್ತಿದನಂತೆ. ನಿಮ್ಮ ಕೃಷ್ಣರಾಜಪುರದಿಂದ ಈ ಸಲ ರಾಗಿ ಗಂಟೇ ಬಂದಿಲ್ಲ ಎಂದನಂತೆ ಆಚಾರಿ. ಆ ಮಾತು ಅತ್ತಿಗೆಗೆ ಮುಟ್ಟಿತು. ಅವಳಣ್ಣ ಕರೆದೊಯ್ಯಲು ಬಂದ ದಿನ, ಬಟ್ಟೆ ಗಂಟನ್ನು ಬಲಗೈಯಲ್ಲೇ ಎತ್ತಿಕೊಂಡು, ನನ್ನ ಮುಂದೆ ನಿಂತಳು.

"ರಾಗಿ ಏನ್ ಮಾಡ್ದೆ?"

"ಕೆರೆಗೆ ಹಾಕ್ದೆ."

"ತಿಂದಿದ್ರೂ ಆಗ್ತಿತ್ತು," ಎಂದಳು. ಅಷ್ಟೇ. ಅವ್ವನಿಗೆ ಏನೂ ಹೇಳಲಿಲ್ಲ. ಅವಳು ಹೇಳಿಬಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಯುದ್ಧ ಮುಗಿದ ಮರುವರ್ಷ ಅವಳಣ್ಣ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂತು ನೀರು ಕುಡಿದ. ಅವನ ಚೀಲದ ಬಾಯಲ್ಲಿ ಗಂಟು ಹಾಕಿದ ದಾರವೊಂದು ಕಾಣುತ್ತಿತ್ತು, ಅದರ ಕೆಳಗೆ ಸಣ್ಣ ರಾಗಿ ಗಂಟು. ಹಲಸೂರಿನ ಕುಲುಮೆ ಎಲ್ಲಿ ಎಂದು ಕೇಳಿದ. ನನಗೂ ಆ ಕಡೆ ಕೆಲಸವಿದೆ, ಕೊಡಿ, ನಾನೇ ಮಾಡಿಸಿ ತರುತ್ತೇನೆ ಎಂದೆ.

ಅವನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ಬೇಡಿ. ನಿಮ್ ಕೈಗೆ ಕೊಡ್ಬೇಡ ಅಂದವ್ಳೆ."

ನಾನು ರಸ್ತೆಯವರೆಗೂ ಹೋಗಿ ದಾರಿ ತೋರಿಸಿದೆ. ಸಂಜೆ ಗೋಣಿತಾಟಿನಲ್ಲಿ ಸುತ್ತಿದ ಗಿಡ್ಡ ಮಚ್ಚನ್ನು ಕಂಕುಳಲ್ಲಿಟ್ಟುಕೊಂಡು ಅವನು ನಮ್ಮ ಮನೆಯ ಮುಂದೆಯೇ ಸ್ಟೇಷನ್ನಿನ ಕಡೆ ನಡೆದುಹೋದ.