ಕಿತ್ತಳೆಯ ಹುಟ್ಟೂರು

ಕಕ್ಕಬೆಯಲ್ಲಿ ಜೀಪು ಓಡಿಸುವ ನನಗೆ ಟೂರಿಸ್ಟರು ಬೆಟ್ಟ ತೋರಿಸು ಅಂತಾರೆ. ಮೊನ್ನೆ ಬಂದ ಫ್ರೆಂಚ್ ಮೇಷ್ಟ್ರೊಬ್ಬರು ಮಾತ್ರ ಒಂದು ಪದದ ಹುಟ್ಟೂರು ನೋಡಬೇಕು ಅಂದರು. ಕಿತ್ತಳೆಗೆ ಅವರು ‘ಒರಾಂಜ್’ ಅಂತಾರಂತೆ, ಸ್ಪೇನಿನವರು ‘ನರಾಂಹ’. ಎಲ್ಲಕ್ಕೂ ಮೂಲ ನಮ್ಮ ದಕ್ಷಿಣದ ಕಡೆಯ ‘ನಾರಂಗ’ವಂತೆ, ಅರಬರ ಕೈ ದಾಟಿ ಯುರೋಪಿಗೆ ಹೋಯಿತಂತೆ.

ಅವರು ಉಳಿದಿದ್ದ ಹೋಂಸ್ಟೇ ನಡೆಸುವ ಮುತ್ತಮ್ಮಕ್ಕನಿಗೆ ಇದನ್ನು ಹೇಳಿದೆ. “ನಮ್ಮ ಪದ ಒಯ್ಯೋಕೆ ಯಾರನ್ನ ಕೇಳಿದ್ರಂತೆ?” ಅಂತ ಸಿಡುಕಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮೇಷ್ಟ್ರು ಇಡೀ ಯುರೋಪಿನ ಪರವಾಗಿ ಕ್ಷಮೆ ಕೇಳಿ, ಪದ ಹುಟ್ಟಿದ ಮಣ್ಣಿನ ಹಣ್ಣು ಒಂದು ಸಿಗಬಹುದಾ ಅಂದರು.

ಮುತ್ತಮ್ಮಕ್ಕನ ತೋಟದ ಕಿತ್ತಳೆ ಗಿಡಗಳು ಒಣಗಿ ಎಷ್ಟೋ ಕಾಲವಾಗಿತ್ತು. ಆದರೂ ಸೋಲೊಪ್ಪದೆ, ಬೆಳಿಗ್ಗೆ ನಾನು ಮೂರ್ನಾಡಿನ ಅಂಗಡಿಯಿಂದ ತಂದಿದ್ದ ಹಣ್ಣನ್ನೇ ತಟ್ಟೆಯಲ್ಲಿಟ್ಟು, “ನಮ್ಮ ತೋಟದ್ದೇ” ಅಂದರು. ಮೇಷ್ಟ್ರು ಒಂದನ್ನು ಭಕ್ತಿಯಿಂದ ಎತ್ತಿ ತಿರುಗಿಸಿದರು. ಸಿಪ್ಪೆಯ ಮೇಲಿನ ಸ್ಟಿಕ್ಕರಿನಲ್ಲಿ ‘ಈಜಿಪ್ಟ್’ ಎಂದಿತ್ತು.

ಮುತ್ತಮ್ಮಕ್ಕ ಕದಲದೆ ನನ್ನ ಕಡೆ ತಿರುಗಿದರು.

“ಹೋದ ದಾರೀಲೇ ವಾಪಸ್ ಬಂದಿದೆ, ತಿನ್ನೋಕೆ ಹೇಳು!”

ಮೇಷ್ಟ್ರು ಎರಡು ತಿಂದರು. ನಾನಂತೂ ಈಗ ಹಣ್ಣು ತಂದ ಕೂಡಲೇ ಮೊದಲು ಸ್ಟಿಕ್ಕರ್ ಕೀಳ್ತೇನೆ.